ಏಳನೆಯ ಕಲಂ

ಎರಡು ವರ್ಷದಿಂದ ಒಂದು ಚೀಟಿ ನನ್ನ ತಲೆಯಲ್ಲಿ ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಅವ್ವನಿಗೆ ಹೇಳಿದರೆ "ಕಾಗದಕ್ಕ ಅಂಜತೀಯೇನ?" ಎಂದು ನಗುತ್ತಾಳೆ. ಕಚೇರಿಯಲ್ಲಿ ಹೇಳಿದರೆ ಯಾರೂ ನಗುವುದಿಲ್ಲ. ಅದಕ್ಕೇ ಡೈರಿಯಲ್ಲಿ ಒಂದು ಸಾಲು ಬರೆದು ಮುಚ್ಚಿಟ್ಟಿದ್ದೆ. ನಾಲ್ಕು ಬೆರಳು ಉದ್ದ, ಒಂದು ಬೆರಳು ಅಗಲದ ಕಾಗದದ ಚೂರು ಅದು. ನನ್ನ ಕೈಯಿಂದ ಬಿತ್ತು. ಯಾವ ಪುಟದ್ದು ಎಂದು ನಾನು ಕೇಳಲಿಲ್ಲ.

ಕೇಳದೇ ಇರುವುದು ನನ್ನ ಹಳೆಯ ರೋಗ. ಕಮಲಾಪುರದಿಂದ ಕಲಬುರಗಿಗೆ ದಿನಾ ಹೋಗುವ ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೇಳುವುದಿಲ್ಲ, ತರಗತಿಯಲ್ಲಿ ಪ್ರಶ್ನೆ ಕೇಳಿದವಳಲ್ಲ. ಆದರೆ ಒಂದು ಮಾತನ್ನು ಡೈರಿಯಲ್ಲಿ ಧೈರ್ಯವಾಗಿ ಬರೆದುಕೊಂಡಿದ್ದೇನೆ: ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ದಾಖಲೆ ಕೋಣೆಯಲ್ಲಿ ತ್ರಿವೇಣಿಗಿಂತ ಚೆನ್ನಾಗಿ ಲೆಡ್ಜರ್ ಓದುವವರು ಈಗ ಯಾರೂ ಇಲ್ಲ. ತ್ರಿವೇಣಿ ಎಂದರೆ ನಾನು. ಗುತ್ತಿಗೆ ನೌಕರಿ, ವರ್ಷಕ್ಕೊಮ್ಮೆ ನವೀಕರಣ.

ಲೆಡ್ಜರ್ ಎಂದರೆ ಎರಡು ಕೈ ಹಾಕಿ ಎತ್ತಬೇಕಾದ ಪುಸ್ತಕ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು, ನೋಂದಣಿ ಸಂಖ್ಯೆ, ಪ್ರತಿ ವಿಷಯದ ಅಂಕ. ಇದರಲ್ಲಿ ಹಳಬರ ಒಂದು ಪದ್ಧತಿ ಇದೆ. ಮರುಮೌಲ್ಯಮಾಪನದಲ್ಲಿ ಅಂಕ ಬದಲಾದರೆ ಹಳೆಯದನ್ನು ಹೊಡೆದು ಹಾಕುವುದಿಲ್ಲ. ಹೊಸ ಅಂಕ ಬರೆದ ಚೀಟಿಯೊಂದನ್ನು ಅದೇ ಸಾಲಿನ ಮೇಲೆ, ಎಡ ಅಂಚಿಗೆ ಮಾತ್ರ ಮೈದಾ ಅಂಟು ಹಚ್ಚಿ ಕೂರಿಸುತ್ತಾರೆ. ಬಾಗಿಲಿನಂತೆ ತೆರೆದರೆ ಹಳೆಯ ಅಂಕ, ಮುಚ್ಚಿದರೆ ಹೊಸದು. ಅಧಿಕಾರಿ ಹಸಿರು ಶಾಯಿಯಲ್ಲಿ ಅರ್ಧ ಚೀಟಿಯ ಮೇಲೆ, ಅರ್ಧ ಪುಟದ ಮೇಲೆ ಬರುವಂತೆ ಸಹಿ ಎಳೆಯುತ್ತಾರೆ. ಚೀಟಿಯಲ್ಲಿ ಹೆಸರಿರುವುದಿಲ್ಲ, ಸಂಖ್ಯೆಯೂ ಇಲ್ಲ. ಅದು ಯಾರದೆಂದು ಹೇಳುವುದು ಅದು ಅಂಟಿಕೊಂಡ ಜಾಗ ಮಾತ್ರ.

ಇದೆಲ್ಲ ಈಗ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಗೊತ್ತಿರಲಿಲ್ಲ. ಹಳೆಯ ಲೆಡ್ಜರುಗಳ ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಮೂವರು ಹುಡುಗಿಯರನ್ನು ತೆಗೆದುಕೊಂಡಿದ್ದರು. ಮೂವರಿಗೂ ಸೇರಿ ಒಂದೇ ಲಾಗಿನ್. ಉಳಿದಿಬ್ಬರು ಆರು ತಿಂಗಳಲ್ಲಿ ಬಿಟ್ಟು ಹೋದರು. ಆ ವಾರ ನಾನು ಒಂದು ದಪ್ಪ ಲೆಡ್ಜರನ್ನು ಕಪಾಟಿನಿಂದ ಮೇಜಿಗೆ ತರುವಾಗ ಅದರೊಳಗಿಂದ ಚೀಟಿ ಜಾರಿ ನೆಲಕ್ಕೆ ಬಿತ್ತು. ಅಂಟು ಹುಳ ತಿಂದಿತ್ತು. ಕೇಳಬೇಕಾದವರು ಸೂಪರಿಂಟೆಂಡೆಂಟ್ ವಿವೇಕಾನಂದ ಸರ್. ಅವರು ಫೋನಿನಲ್ಲಿದ್ದರು. ಅವರ ಫೋನು ಮುಗಿಯುವವರೆಗೆ ನಿಂತೆ. ಮುಗಿಯಿತು. ನಾನು ಬಂದು ನನ್ನ ಕುರ್ಚಿಯಲ್ಲಿ ಕೂತು, ಪುಟದ ಮೇಲೆ ಕಂಡ ಅಂಕಗಳನ್ನೇ ಒಂದೊಂದಾಗಿ ಏರಿಸಿದೆ.

ಮೊನ್ನೆ ಬುಧವಾರ ಆ ಚೀಟಿ ಕಿಟಕಿಗೆ ಬಂದು ನಿಂತಿತು. ಮೂವತ್ತೈದು ದಾಟಿದ, ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಹೆಂಗಸಿನ ರೂಪದಲ್ಲಿ.

"ಮೇಡಂ, ಈ ಟ್ರಾನ್ಸ್‌ಕ್ರಿಪ್ಟ್ ನಂದಲ್ಲರೀ," ಅಂದರು.

ನಾನು ಹಾಳೆ ನೋಡಿದೆ. ಫರೀದಾ, ಬಿ.ಎ., ಆರೂ ಸೆಮಿಸ್ಟರಿನ ಅಂಕಗಳು. ಹಿಂದಿನ ದಿನ ನಾವೇ ಮುದ್ರಿಸಿ ಕೊಟ್ಟದ್ದು.

"ಹೆಸರು ನಿಮ್ದೇ ಅದಲ್ರೀ?"

"ಹೆಸರು ನಂದು. ಫೇಲು ನಂದಲ್ಲ."

ಸಾಲಿನಲ್ಲಿ ನಿಂತ ಹುಡುಗರು ನಕ್ಕರು. ಅವರೂ ನಕ್ಕರು, ಆದರೆ ಬೆರಳು ಐದನೇ ಸೆಮಿಸ್ಟರಿನ ಅರ್ಥಶಾಸ್ತ್ರದ ಮೇಲಿಂದ ಕದಲಲಿಲ್ಲ. ಎಂಬತ್ತಕ್ಕೆ ಇಪ್ಪತ್ತೊಂದು. ಅನುತ್ತೀರ್ಣ.

ವಿವೇಕಾನಂದ ಸರ್ ಕನ್ನಡಕ ಏರಿಸಿಕೊಂಡು ಹಿಂದಿನಿಂದ ಬಂದರು. ಒಳ್ಳೆಯ ಮನುಷ್ಯ. ಮೂವತ್ತು ವರ್ಷ ಒಂದೂ ಮೆಮೋ ತಗೊಳ್ಳದೇ ಕೆಲಸ ಮಾಡಿದವರು, ಅದನ್ನು ಹಾಗೇ ಮುಗಿಸುವ ಆಸೆ ಇರುವವರು.

"ಏನ್ರೀ ಅಮ್ಮಾ, ಕಂಪ್ಯೂಟರ್ ಸುಳ್ಳ ಹೇಳಂಗಿಲ್ರೀ."

"ಕಂಪ್ಯೂಟರ್ ತಾನs ನನ್ನ ಪೇಪರ್ ತಿದ್ದಿಲ್ಲಲ್ರೀ ಸರ್. ಯಾರೋ ಹೇಳಿದ್ದು ಅದು ಹೇಳ್ತದ."

"ಮಾರ್ಕ್ಸ್ ಕಾರ್ಡ್ ತರ್ರಿ ಹಂಗಾರ."

"ಅದs ಇಲ್ಲರೀ. ಮನೀ ಬದಲು ಮಾಡುವಾಗ ಒಂದ್ ಚೀಲ ಆಟೋದಾಗ ಉಳೀತು. ಡಿಗ್ರಿ ಸರ್ಟಿಫಿಕೇಟ್ ಅದ, ನೋಡ್ರಿ. ಫೇಲಾದಾಕಿಗೆ ನೀವs ಡಿಗ್ರಿ ಕೊಟ್ಟೀರೇನ್ರೀ?"

ಸರ್ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ತಿದ್ದುಪಡಿ ಹಾಳೆಯೊಂದನ್ನು ಎಳೆದುಕೊಂಡರು. "ಅರ್ಜಿ ಕೊಡ್ರಿ. ಸಮಿತಿಗೆ ಹೋಗ್ತದ. ನಲವತ್ತೈದು ದಿನ."

"ಸರ್, ಶುಕ್ರವಾರ ಹತ್ತು ಗಂಟೇಕ ದಾಖಲಾತಿ ಪರಿಶೀಲನೆ ಅದರೀ. ವಸತಿ ಶಾಲೀ ಟೀಚರ್ ಪೋಸ್ಟ್. ಹನ್ನೊಂದು ವರ್ಷ ಅತಿಥಿ ಶಿಕ್ಷಕಿ ಆಗಿ ದುಡದೀನಿ. ವಯಸ್ಸು ಈ ಸಲ ಮುಗೀತದ, ಮತ್ತ ಹಾಕ್ಲಾಕ ಬರಂಗಿಲ್ಲ. ಟ್ರಾನ್ಸ್‌ಕ್ರಿಪ್ಟ್ ಬೇಕs ಬೇಕಂತಾರ. ಇದನ್ನ ತಗೊಂಡು ಹೋದ್ರ ಡಿಗ್ರಿ ಖೋಟಾ ಅಂತಾರ."

ಸರ್ ಪೆನ್ನು ತೆಗೆದು, ತಿದ್ದುಪಡಿ ಹಾಳೆಯ ಏಳನೆಯ ಕಲಮಿಗೆ ರೂಢಿಯಂತೆ ಟಿಕ್ ಹಾಕಿದರು. ಫರೀದಾ ಕುತ್ತಿಗೆ ಬಗ್ಗಿಸಿ ಓದಿದರು.

"ತಪ್ಪು ಯಾರಿಂದ? ಅರ್ಜಿದಾರರಿಂದ, ಕಚೇರಿಯಿಂದ... ಅರೆ, ಕಚೇರಿಯಿಂದ ಅಂತೂ ಅದಲ್ರೀ ಇಲ್ಲಿ! ನೀವು ಅರ್ಜಿದಾರರಿಗೆ ಹಾಕೀರಿ."

"ಅದು ಅಚ್ಚು ಮಾಡಿಟ್ಟದ್ದಷ್ಟರೀ. ಅದಕ್ಕ ಯಾರೂ ಟಿಕ್ ಹಾಕಂಗಿಲ್ಲ."

ಅದು ನಿಜ. ನಾನು ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಿಕೊಂಡು ಹಳೆಯ ತಿದ್ದುಪಡಿ ಹಾಳೆಗಳನ್ನು ಓದುತ್ತೇನೆ. ಬೇರೆಯವರು ಫೋನು ನೋಡುವಂತೆ. ಇಪ್ಪತ್ತು ವರ್ಷದ ಹಾಳೆಗಳಲ್ಲಿ ಒಂದರಲ್ಲೂ ಕಚೇರಿ ತಪ್ಪು ಮಾಡಿಲ್ಲ. ಹುಟ್ಟಿದ ದಿನ ನಾವು ತಿರುವುಮುರುವು ಬರೆದಾಗಲೂ ತಪ್ಪು ಅರ್ಜಿದಾರರದೇ. ಫೋಟೋ ಬೇರೆಯವರದು ಅಂಟಿಸಿದಾಗಲೂ ಅರ್ಜಿದಾರರದೇ. ಯಾಕೆಂದರೆ 'ಕಚೇರಿಯಿಂದ' ಎಂದು ಟಿಕ್ ಹಾಕಿದರೆ ಪಕ್ಕದಲ್ಲಿ ಇನ್ನೊಂದು ಖಾಲಿ ಜಾಗ ಬಾಯಿ ತೆರೆದಿರುತ್ತದೆ: ನಮೂದು ಮಾಡಿದವರ ಹೆಸರು ಮತ್ತು ಸಹಿ. ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಲೆಡ್ಜರಿನ ಆಧಾರ ಇದ್ದು, ನಮೂದು ಮಾಡಿದವರು ಸಹಿ ಹಾಕಿದರೆ, ಮೌಲ್ಯಮಾಪನ ಕುಲಸಚಿವರು ಅದೇ ದಿನ ದಾಖಲೆ ತಿದ್ದಬಹುದು. ಸಮಿತಿ ಬೇಡ, ನಲವತ್ತೈದು ದಿನ ಬೇಡ.

ಫರೀದಾ ಹಾಳೆ ತಗೊಂಡು ಹೊರಗಿನ ಬೇವಿನ ಗಿಡದ ಕಟ್ಟೆಗೆ ಹೋಗಿ ಕೂತರು. ನಾನು ಅವರ ನೋಂದಣಿ ಸಂಖ್ಯೆ ಹಿಡಿದು ಒಳಗೆ ಹೋದೆ. ಲೆಡ್ಜರ್ ಸಂಖ್ಯೆ ಇನ್ನೂರ ಹದಿನಾಲ್ಕು. ಅವರ ಸಾಲಿನಲ್ಲಿ ಇಪ್ಪತ್ತೊಂದು. ಅದರ ಎಡಗಡೆ ಒಣಗಿದ ಅಂಟಿನ ಕಂದು ಗೆರೆ. ಬಲಗಡೆ ಹಸಿರು ಶಾಯಿಯ ಅರ್ಧ ಸಹಿ, ಕತ್ತರಿಸಿದ ಬಾಲದಂತೆ. ಮೇಲೆ ಚೀಟಿ ಇಲ್ಲ.

ಹೊರಗೆ ಬಂದು ಗಿಡದ ಹತ್ತಿರ ನಿಂತೆ. ನನ್ನ ದನಿ ನನಗೇ ಕೇಳಿಸುವಷ್ಟು ಮಾತ್ರ ಬಂತು. "ಅಕ್ಕಾ, ರೀವ್ಯಾಲ್ಯುಯೇಶನ್ ಹಾಕಿದ್ರೇನ್ರೀ?"

"ಹೂಂ ಮತ್ತ! ಇಪ್ಪತ್ತೊಂದು ಹೋಗಿ ನಲವತ್ತೇಳು ಆತು. ನಮ್ಮ ಅಬ್ಬಾ ಓಣಿ ತುಂಬ ಜಿಲೇಬಿ ಹಂಚ್ಯಾರ. ಓಣೀಗೆಲ್ಲ ಗೊತ್ತದ ತಂಗಿ, ನಿಮ್ಮ ಆಫೀಸ್‌ಗೆ ಒಂದs ಗೊತ್ತಿಲ್ಲ."

"ನಾಳೆ ಮಧ್ಯಾಹ್ನ ಬರ್ರಿ," ಅಂದೆ.

"ಬಂದ್ರ ಆಗ್ತದೇನ?"

ಆಗುತ್ತದೆ ಎನ್ನಲಿಲ್ಲ. ತಲೆ ಅಲ್ಲಾಡಿಸಿದೆ. ಅವರು ಅದನ್ನು ಹೌದು ಎಂದೇ ತಗೊಂಡರು.

ಸಂಜೆ ಆರರೊಳಗೆ ಕಮಲಾಪುರ ಮುಟ್ಟಿದೆ. ಅಪ್ಪ ದತ್ತಪ್ಪ ತಾಲ್ಲೂಕು ದವಾಖಾನೆಯ ವಾರ್ಡಿನಲ್ಲಿ ಅಟೆಂಡರ್. ಅವತ್ತು ಸಂಜೆಯ ಪಾಳಿ. ಅವ್ವ ಶೇವಂತಾ ಕೆಂಪು ಬಾಳೆಯ ಗೊನೆ ಕೊಯ್ಯುವ ಕೆಲಸದಿಂದ ಬಂದು, ಬಾಳೆ ಕರೆ ಹತ್ತಿದ ಕೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ನಾನು ಚಪ್ಪಲಿ ಬಿಟ್ಟವಳೇ ಟ್ರಂಕಿನಿಂದ ಎರಡು ವರ್ಷದ ಹಿಂದಿನ ಡೈರಿ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ.

"ಬಂದಾಕಿ ನೀರ ಕುಡೀಲಿಲ್ಲ, ಪುಸ್ತಕದ ಮುಂದ ಕುಂತಿ," ಅಂದಳು ಅವ್ವ. "ಅದರ ಜೋಡಿ ಮಾತಾಡಿದಂಗ ಮನಷ್ಯಾರ ಜೋಡಿ ಯಾವಾಗ ಮಾತಾಡ್ತಿ?"

"ಹುಡುಕ್ಲಾಕತ್ತೀನಿ ಸುಮ್ನಿರು ಯವ್ವಾ."

"ಏನ ಹುಡುಕ್ತಿ? ನೀನs ಬರದದ್ದು, ನಿನಗs ಗೊತ್ತಿಲ್ಲೇನ?"

ಸಿಕ್ಕಿತು. ಜುಲೈ ಹದಿನೇಳು. "ಇಂದು ೨೧೪ನೇ ಲೆಡ್ಜರ್ ನನಗೆ ಕೊಟ್ಟರು. ತರುವಾಗ ಒಂದು ಚೀಟಿ ಬಿತ್ತು. ಕೇಳಲಿಲ್ಲ. ಗುಡಿಸಲು ಬಂದ ಮಸ್ತಾನಬಿ ಅದನ್ನು ಕಸಬರಿಗೆಗೆ ಸಿಗಗೊಡದೆ ಕೈಯಿಂದ ಎತ್ತಿ, ತಮ್ಮ ಬಿಸ್ಕೀಟು ಡಬ್ಬಿಗೆ ಹಾಕಿದರು. ಇಡೀ ಲೆಡ್ಜರ್ ನಾನೊಬ್ಬಳೇ ಏರಿಸುತ್ತಿದ್ದೇನೆ." ನನ್ನ ಅಕ್ಷರ. ಬೇರೆ ಯಾರೂ ಅಲ್ಲ, ಆ ಇಪ್ಪತ್ತೊಂದನ್ನು ಏರಿಸಿದ್ದು ನಾನು.

ಅವ್ವ ಕೈ ತೊಳೆದು ಬಂದು ನನ್ನ ಮುಖ ನೋಡಿದಳು. "ಏನಾತು?"

"ನನ್ನ ಕೈಯಿಂದ ಒಬ್ಬಾಕಿ ಫೇಲಾಗ್ಯಾಳ ಅವ್ವಾ."

"ಪಾಸ ಮಾಡ್ಲಾಕ ಬರ್ತದೋ ಇಲ್ಲೋ?"

"ಬರ್ತದ. ಸಹಿ ಮಾಡಬೇಕು. ಈ ತಿಂಗಳ ನನ್ನ ನೌಕರಿ ಮುಂದುವರಿಸೋ ಪಟ್ಟಿ ಕುಲಸಚಿವ ಮೇಡಂ ಟೇಬಲ್ ಮ್ಯಾಲೆ ಅದ."

ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ನನ್ನ ಪದವಿಯ ಪ್ರಮಾಣಪತ್ರವನ್ನು ಅಪ್ಪ ಕಟ್ಟು ಹಾಕಿಸಿ ತೂಗು ಹಾಕಿದ್ದಾರೆ. ಅವ್ವ ಅದರ ಕಡೆ ಕೈ ಮಾಡಿ, "ಅದರಾಗ ಯಾರರೆ ತಪ್ಪು ಬರದಿದ್ರ ನಾ ಏನ ಮಾಡ್ತಿದ್ನಿ, ಗೊತ್ತದೇನ? ನಿಮ್ಮ ಆಫೀಸಿನ ಮೆಟ್ಟಲ ಮ್ಯಾಲೆ ಕುಂತು ಬಿಡ್ತಿದ್ನಿ," ಅಂದಳು. ಆಮೇಲೆ ರೊಟ್ಟಿ ಬಡಿಯಲು ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಗಂಜ್ ಮಾರುಕಟ್ಟೆಯ ಹತ್ತಿರ ತೊಗರಿ ಚೀಲದ ಲಾರಿಗಳು ಅಡ್ಡ ನಿಂತು ಬಸ್ಸು ತೆವಳತೊಡಗಿದಾಗ ಅಲ್ಲೇ ಇಳಿದು, ಆಟೋ ಹಿಡಿದು ಮೋಮಿನಪುರಕ್ಕೆ ಹೋದೆ. ಮಸ್ತಾನಬಿ ಹೋದ ವರ್ಷ ನಿವೃತ್ತರಾಗಿದ್ದರು. ದಾಖಲೆ ಕೋಣೆಗೆ ಸುಣ್ಣ ಹೊಡೆಸುವಾಗ ತಮ್ಮ ಡಬ್ಬಿಯನ್ನು ಮನೆಗೆ ಒಯ್ದದ್ದು ನೋಡಿದ್ದೆ. ವಾಪಸು ತಂದದ್ದು ನೋಡಿರಲಿಲ್ಲ. ಇಡೀ ದಾರಿ ಒಂದೇ ಪ್ರಾರ್ಥನೆ: ಅದರಲ್ಲಿ ಅವರು ಲವಂಗ, ಏಲಕ್ಕಿ ತುಂಬಿಡದೇ ಇರಲಿ.

ಬಾಗಿಲ ಮುಂದೆ ಎರಡು ಸಲ ಕೈ ಎತ್ತಿ ಇಳಿಸಿದೆ. ಮೂರನೆಯ ಸಲ ಬಾಗಿಲೇ ತೆರೆಯಿತು.

"ಅರೆ! ತ್ರಿವೇಣಿ ಬೇಟಿ! ಎಷ್ಟು ಹೊತ್ತಾತು ನಿಂತು? ಕಿಡಕಿಯಾಗಿಂದ ನೋಡ್ಲಾಕತ್ತೀನಿ, ಈಗ ಬಡೀತಾಳ, ಆಗ ಬಡೀತಾಳ ಅಂತ."

"ಖಾಲಾ, ನಿಮ್ಮ ಬಿಸ್ಕೀಟು ಡಬ್ಬಿ..."

"ಚಾಯ್ ಪೆಹಲೆ. ಆಮ್ಯಾಲ ಬಿಸ್ಕೀಟು."

"ಬಿಸ್ಕೀಟು ನಕ್ಕೋ ಖಾಲಾ. ಡಬ್ಬಿ ಬೇಕು. ರೆಕಾರ್ಡ್ ರೂಮಿಂದು."

ಅವರ ನಗು ನಿಂತಿತು. ಒಳಗೆ ಹೋಗಿ ಅಟ್ಟದಿಂದ ಡಬ್ಬಿ ಇಳಿಸಿಕೊಂಡು ಬಂದರು. ಮೇಲೆ ಬಟ್ಟೆ ಸುತ್ತಿದ್ದರು.

"ಸುಣ್ಣಾ ಹೊಡೆಯಾಂವ ಇದನ್ನ ಕಚರಾ, ಒಗೀ ಅಂದ. ನಾ ಕೊಡಲಿಲ್ಲ. ನಾ ಓದಿದಾಕಿ ಅಲ್ಲ ಬೇಟಿ. ಆದ್ರ ಸಹಿ ಇದ್ದ ಕಾಗದ ಯಾರದೋ ನಸೀಬು ಇರ್ತದ, ಗುಡಿಸಬಾರದು ಅಂತ ಗೊತ್ತದ. ಯಾರರೆ ಒಂದು ದಿನ ಕೇಳ್ತಾರ ಅಂದಿದ್ನಿ. ನೀ ಕೇಳ್ತಿ ಅಂತ ಅಂದಿರಲಿಲ್ಲ."

"ಯಾಕ ಖಾಲಾ?"

"ನೀ ಕೇಳಾಕಿ ಅಲ್ಲಲ್ಲ!" ಎಂದು ನನ್ನ ಗಲ್ಲ ಹಿಂಡಿದರು.

ಡಬ್ಬಿಯಲ್ಲಿ ಮೂವತ್ತೊಂದು ಚೀಟಿಗಳಿದ್ದವು. ಹತ್ತು ಗಂಟೆಗೆ ಕಚೇರಿಯ ಕಿಟಕಿಯ ಹತ್ತಿರದ ಮೇಜಿನ ಮೇಲೆ ಇನ್ನೂರ ಹದಿನಾಲ್ಕನ್ನು ತೆರೆದು, ಚೀಟಿಗಳನ್ನು ಹರವಿದೆ. ನಲವತ್ತೇಳು ಎಂದು ಬರೆದವು ಮೂರಿದ್ದವು. ಇದು ನನ್ನ ಕೆಲಸ. ಇಲ್ಲಿ ನನಗೆ ಅಂಜಿಕೆ ಇಲ್ಲ. ಮೊದಲನೆಯದನ್ನು ಅಂಟಿನ ಗೆರೆಗೆ ಕೂರಿಸಿದೆ. ಸಹಿಯ ಬಾಲ ಒಂದು ಕೂದಲಷ್ಟು ಮೇಲೆ ಹೋಯಿತು. ಅಲ್ಲ. ಎರಡನೆಯದರ ಶಾಯಿ ನೀಲಿಗೆ ತಿರುಗಿತ್ತು. ಅಲ್ಲ. ಮೂರನೆಯದನ್ನು ಇಟ್ಟು ಬೆರಳಿನಿಂದ ಒತ್ತಿದೆ. ಪುಟದಲ್ಲಿ ನಿಂತುಹೋಗಿದ್ದ ಹಸಿರು ಗೆರೆ ಚೀಟಿಯೊಳಗೆ ನಡೆದು ಹೋಗಿ, ಒಂದು ಸುತ್ತು ಸುತ್ತಿ, ಕೆಳಗೆ ದಿನಾಂಕ ಬರೆದು ನಿಂತಿತು. ಹನ್ನೆರಡು ವರ್ಷದ ಹಿಂದೆ ಯಾರೋ ಒಂದೇ ಉಸಿರಿನಲ್ಲಿ ಎಳೆದ ಸಹಿ. ಮರುಮೌಲ್ಯಮಾಪನದ ಆದೇಶದ ಫೈಲು ತೆಗೆದು ನೋಡಿದೆ, ದಿನಾಂಕವೂ ಅದೇ. ಆ ಆದೇಶದಲ್ಲಿ ಬರೀ ಎಷ್ಟು ಮಂದಿಯ ಅಂಕ ಬದಲಾಯಿತೆಂಬ ಲೆಕ್ಕವಿತ್ತು, ಹೆಸರುಗಳ ಹಾಳೆ ಇರಲಿಲ್ಲ. ಹಾಗಾಗಿ ಸಾಕ್ಷಿ ಎಂದರೆ ಈ ಚೀಟಿ ಒಂದೇ.

ವಿವೇಕಾನಂದ ಸರ್ ಅವರನ್ನು ಕರೆದೆ. ಅವರು ಬಗ್ಗಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ಭಲೇ ತ್ರಿವೇಣಿ," ಅಂದರು. "ಎಲ್ಲಿತ್ತವ್ವಾ ಇದು?"

"ಮಸ್ತಾನಬಿ ಕಾಯ್ದಿಟ್ಟಿದ್ರು ಸರ್."

"ಆ ಮುದುಕಿ ಈ ಆಫೀಸ್‌ಗೆ ರಿಜಿಸ್ಟ್ರಾರ್ ಆಗಬೇಕಾಗಿತ್ತು ನೋಡು." ನಕ್ಕರು. ಆಮೇಲೆ ನಗು ಹಿಂದೆ ಸರಿಯಿತು. "ಆದ್ರ ಏಳನೇ ಕಲಂ ಏನ ಮಾಡ್ತಿ? ನಮೂದು ಮಾಡಿದವರ ಸಹಿ ಬೇಕು. ಮೂರು ಮಂದಿ ಹುಡುಗ್ಯಾರು, ಒಂದs ಲಾಗಿನ್. ಯಾರು ಯಾವ ಲೆಡ್ಜರ್ ಮಾಡ್ಯಾರ ಅಂತ ಆ ದೇವರಿಗೂ ಗೊತ್ತಿಲ್ಲ. ಇಬ್ರು ಬಿಟ್ಟು ಹೋಗ್ಯಾರ. ಹೋದವರ ಹೆಸರು ಬರೀಬಹುದು, ಸಹಿ ಎಲ್ಲಿಂದ ತರೋಣು?"

ನನ್ನ ಚೀಲದಲ್ಲಿ ಡೈರಿ ಇತ್ತು. ಸರ್ ನನ್ನನ್ನು ಅನುಮಾನದಿಂದ ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತೋ ಏನೋ. ಅವರ ಕಣ್ಣಲ್ಲಿ ನಾನು ಚೀಟಿ ಹುಡುಕಿ ತಂದ ಜಾಣೆ. ಆ ಮರ್ಯಾದೆಯನ್ನು ಇನ್ನೊಂದು ಗಳಿಗೆ ಇಟ್ಟುಕೊಳ್ಳೋಣ ಅನ್ನಿಸಿತು. ಇನ್ನೊಂದು ಗಳಿಗೆ.

ಮಧ್ಯಾಹ್ನ ಮೂರಕ್ಕೆ ಫರೀದಾ ಬಂದರು. ನಾನು ಲೆಡ್ಜರ್ ಹೊತ್ತುಕೊಂಡೆ, ಸರ್ ಹಾಳೆ ಹಿಡಿದರು, ಮೂವರೂ ಕುಲಸಚಿವರ ಕೋಣೆಗೆ ಹೋದೆವು. ಸುನಂದಾ ಮೇಡಂ ನೇರ ಮಾತಿನವರು. ಅವರ ಮೇಜಿನ ಎಡಗಡೆ ಗುತ್ತಿಗೆ ನವೀಕರಣದ ಫೈಲು. ದಾರ ಬಿಚ್ಚಿತ್ತು. ಮೊದಲ ಹಾಳೆಯಲ್ಲಿ ನನ್ನ ಹೆಸರು ತಲೆಕೆಳಗಾಗಿ ಕಾಣುತ್ತಿತ್ತು.

ಮೇಡಂ ಚೀಟಿಯನ್ನು ತಾವೇ ಪುಟದ ಮೇಲೆ ಕೂರಿಸಿ ನೋಡಿದರು. ಎತ್ತಿದರು. ಮತ್ತೆ ಕೂರಿಸಿದರು. "ಇದು ಸಾಫ್ ಅದ. ನಲವತ್ತೇಳು ಖರೇ," ಅಂದರು. ಫರೀದಾ ಕುರ್ಚಿಯ ಅಂಚಿಗೆ ಸರಿದರು. ಮೇಡಂ ಪೆನ್ನಿನ ಮುಚ್ಚಳ ತೆಗೆದು ತಿದ್ದುಪಡಿ ಹಾಳೆ ಓದುತ್ತ ಬಂದು ಏಳನೆಯ ಕಲಮಿಗೆ ನಿಂತರು.

"ವಿವೇಕಾನಂದ ಅವರೇ, ಅರ್ಜಿದಾರರಿಂದ ಅಂತ ಟಿಕ್ ಹಾಕೀರಿ. ಆಕಿ ಏನ ತಪ್ಪು ಮಾಡ್ಯಾಳ? ನಮ್ಮ ಲೆಡ್ಜರ್ ಆಕಿ ತೆರದಾಳೇನು?"

"ಇಲ್ರೀ ಮೇಡಂ. ಯಾರು ನಮೂದು ಮಾಡ್ಯಾರ ಅಂತ ಗೊತ್ತಾಗಂಗಿಲ್ರೀ. ಲಾಗಿನ್ ಒಂದs ಇತ್ತು."

"ಸಹಿ ಇಲ್ಲದs ನಾ ಹ್ಯಾಂಗ ಇವತ್ತs ತಿದ್ಲಿ? ನಾಳೆ ಆಡಿಟ್‌ನವರು ಕೇಳ್ತಾರ. ನಿಯಮ ನಾನs ಮುರದಂಗ ಆಗ್ತದ." ಹಾಳೆಯನ್ನು ಸರ್ ಕಡೆ ಸರಿಸಿದರು. "ಸಮಿತಿಗೆ ಹಾಕ್ರಿ. ಮೊದಲನೇ ಸಭೆಯಾಗs ತಗೋಳ್ಳಿಕ್ಕ ಹೇಳ್ತೀನಿ."

ಪೆನ್ನಿನ ಮುಚ್ಚಳ ಟಕ್ ಎಂದು ಕೂತಿತು.

ಫರೀದಾ ಜಗಳ ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ. ಎದ್ದು ನಿಂತು, ಪ್ಲಾಸ್ಟಿಕ್ ಫೈಲಿನ ಗುಂಡಿ ಒತ್ತಿದರು. ಅದು ಹಿಡಿಯಲಿಲ್ಲ. ಮತ್ತೆ ಒತ್ತಿದರು. "ಆತ್ರೀ ಮೇಡಂ," ಅಂದರು. "ನಾ ಫೇಲಾಗಿಲ್ಲ ಅಂತ ನಿಮಗಾದ್ರೂ ಗೊತ್ತಾತಲ್ಲ. ಹನ್ನೊಂದು ವರ್ಷ ಹುಡುಗರಿಗೆ ಅರ್ಥಶಾಸ್ತ್ರನೇ ಹೇಳಿಕೊಟ್ಟೀನ್ರೀ."

ನನ್ನ ಕಡೆ ತಿರುಗಿ, "ಭಾಳ ಓಡಾಡಿದಿ ತಂಗಿ," ಅಂದರು. ಅದು ನನಗೆ ಸೇರಬೇಕಾದ ಮಾತಲ್ಲ.

ಅವರು ಬಾಗಿಲ ಕಡೆ ಹೊರಟರು. ವಿವೇಕಾನಂದ ಸರ್ ಲೆಡ್ಜರ್ ಮುಚ್ಚಲು ಕೈ ಚಾಚಿದರು. ಮುಚ್ಚಿದರೆ ಚೀಟಿ ಮತ್ತೆ ಜಾರುತ್ತದೆ ಎಂದು ನಾನು ಪುಟದ ಮೇಲೆ ಅಂಗೈ ಊರಿದೆ. ಸರ್ ನನ್ನ ಕೈ ನೋಡಿದರು. ಮೇಡಂ ನನ್ನ ಮುಖ ನೋಡಿದರು. ಎರಡು ವರ್ಷದ ಹಿಂದೆ ಸರ್ ಅವರ ಫೋನು ಮುಗಿದ ಮೇಲೂ ಹೀಗೇ ನಿಂತಿದ್ದೆ. ಬಾಯೊಳಗೆ ಮಾತು ಸಿದ್ಧವಿತ್ತು, ಕಾಲು ಹಿಂದಕ್ಕೆ ಹೋಗಿತ್ತು. ಇವತ್ತು ಕಾಲು ಇದ್ದಲ್ಲೇ ಇತ್ತು. ಚೀಲದಿಂದ ಡೈರಿ ತೆಗೆದು, ಜುಲೈ ಹದಿನೇಳರ ಪುಟ ಬಿಡಿಸಿ, ನವೀಕರಣದ ಫೈಲಿನ ಮೇಲೆಯೇ ಇಟ್ಟೆ. ಇಡಲು ಬೇರೆ ಜಾಗ ಇರಲಿಲ್ಲ.

"ಏನ ಇದು?" ಅಂದರು ಮೇಡಂ.

ಫರೀದಾ ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದರು. ಅವರಿಗೂ ಕೇಳಿಸುವಷ್ಟು ದನಿ ಬೇಕು ಅಂದುಕೊಂಡೆ. ಬಂತು.

"ಮೇಡಂ, ಆ ಇಪ್ಪತ್ತೊಂದು ಏರಿಸಿದಾಕಿ ನಾನರೀ. ಚೀಟಿ ನನ್ನ ಕೈಯಾಗಿಂದs ಬಿತ್ತು, ನೋಡಿದ್ರೂ ಯಾವ ಪುಟದ್ದಂತ ಕೇಳಲಿಲ್ಲ. ಪೆನ್ನು ಕೊಡ್ರಿ, ಏಳನೇ ಕಲಂನಾಗ ನಾ ಸಹಿ ಮಾಡ್ತೇನಿ."